ಲಾಯದ ನೆಲ

ಹನ್ನೊಂದು ಗಂಟೆಗೆ ಹುಲಿಯಪ್ಪ ದಂಡಿಗೆಪುರದ ಪುರಸಭೆಗೆ ಬಂದು ಹೇಳಿಕೆ ಕೊಡಬೇಕಿತ್ತು. ಅವನು ಕೊಡಬೇಕಾದ ಹೇಳಿಕೆಯನ್ನು ಪುರಸಭೆಯ ಎಂಜಿನಿಯರ್ ರುದ್ರಯ್ಯ ಹಿಂದಿನ ದಿನ ಸಂಜೆಯೇ ಟೈಪು ಮಾಡಿಸಿ, ಮೂರು ಪ್ರತಿ ತೆಗೆಸಿ, ಬ್ಯಾಗಿನಲ್ಲಿಟ್ಟುಕೊಂಡು ಹಾಸನದ ಮನೆಗೆ ತಂದಿದ್ದ. ತರುವ ಅಗತ್ಯವೇನೂ ಇರಲಿಲ್ಲ, ಆಫೀಸಿನ ಬೀರುವಿನಲ್ಲೇ ಇಟ್ಟು ಬರಬಹುದಿತ್ತು. ಆದರೆ ಆ ಕಾಗದ ತನ್ನ ಕಣ್ಣಿಗೆ ಮರೆಯಾದರೆ ಯಾರೋ ಅದನ್ನು ತೆಗೆದು ಓದಿ ನಗುತ್ತಾರೆ ಎಂದು ಅನ್ನಿಸಿಬಿಟ್ಟಿತ್ತು. 'ನನ್ನ ಹೆಣ್ಣು ಕುದುರೆಯ ಹಿಂಗಾಲಿನ ಲಾಳಗಳು ಸವೆದಿದ್ದವು. ಹೊಸ ಲಾಳ ಕಟ್ಟಿಸದೆ ಅದನ್ನು ಸಮಾರಂಭಕ್ಕೆ ತಂದದ್ದು ನನ್ನ ಅಜಾಗರೂಕತೆ. ಪುರಸಭೆಯ ನೂತನ ಲಾಯದ ನೆಲಹಾಸಿನಲ್ಲಿ ಯಾವ ದೋಷವೂ ಇರುವುದಿಲ್ಲ.' ನಾಲ್ಕು ಸಾಲು. ಮೂವತ್ತನಾಲ್ಕು ವರ್ಷದ ಸರ್ವೀಸಿನಲ್ಲಿ ಇಂಥ ನಾಲ್ಕು ಸಾಲುಗಳನ್ನು ಎಷ್ಟು ಜನರ ಬಾಯಿಗೆ ಹಾಕಿಲ್ಲ ತಾನು? ಯಾರಿಗೂ ಅದರಿಂದ ಹೊಟ್ಟೆನೋವು ಬಂದದ್ದಿಲ್ಲ. ಈ ಸಲ ಯಾಕೋ ಬೆಳಿಗ್ಗೆ ಎದ್ದು ನಡುಮನೆಯ ನೆಲದ ಮೇಲೆ ಬರಿಗಾಲಿಡುವುದಕ್ಕೇ ಹಿಂಜರಿಕೆಯಾಗುತ್ತಿತ್ತು. ಎರಡಡಿಗೆ ಎರಡಡಿಯ ಕೆನೆಬಣ್ಣದ ಟೈಲ್ಸು. ಹನ್ನೊಂದು ವರ್ಷ ಅದರ ಮೇಲೆ ಓಡಾಡಿದವನು, ಈ ಹತ್ತೊಂಬತ್ತು ದಿನಗಳಿಂದ ಗೋಡೆ ಹಿಡಿದು ನಡೆಯುತ್ತಿದ್ದ.

"ಏನ್ರೀ ಅದು, ಎಳೇ ಮಗು ಹೆಜ್ಜೆ ಇಟ್ಟಂಗೆ ಇಡ್ತೀರಾ? ಮಂಡಿ ನೋವಾ?" ಎಂದಳು ಹೆಂಡತಿ ಶಾಂತಕುಮಾರಿ. ಅವಳು ಅಡುಗೆಮನೆಯ ಬಾಗಿಲಲ್ಲಿ ಫೋನು ಹಿಡಿದು ನಿಂತಿದ್ದಳು. ಮೈಸೂರಿನಲ್ಲಿ ಓದುತ್ತಿರುವ ಮಗಳು ಮಾನ್ಯ ಆ ವಿಡಿಯೋವನ್ನು ಮತ್ತೊಮ್ಮೆ ಕಳಿಸಿದ್ದಳು. ಲೋಕಲ್ ಚಾನೆಲ್ಲಿನವರು ಹಾಕಿದ್ದು, ಲಾಯದ ಉದ್ಘಾಟನೆಯದು, ಒಂದೂವರೆ ನಿಮಿಷದ್ದು. ಕಾರು ಬರುತ್ತದೆ, ಶಾಸಕರು ಇಳಿಯುತ್ತಾರೆ, ವಾದ್ಯದವರು ಊದುತ್ತಾರೆ. ಹಿಂದೆ, ಮೂಲೆಯಲ್ಲಿ, ನೀಲಿ ಗೆರೆಯ ಶರಟಿನ ಮನುಷ್ಯನೊಬ್ಬ ಬಗ್ಗಿ ನೆಲದಿಂದ ಏನನ್ನೋ ಎಳೆದು ಎಳೆದು ಗೋಡೆಯ ಹಿಂದಕ್ಕೆ ಒಯ್ಯುತ್ತಿರುತ್ತಾನೆ. "ಇದು ನೀವೇ ಅಲ್ವಾ?" ರುದ್ರಯ್ಯ ನೋಡದೆಯೇ "ಯಾರೋ ಪೌರಕಾರ್ಮಿಕ ಇರ್ಬೇಕು" ಎಂದ. "ಆ ಶರಟು ನಾನೇ ಇಸ್ತ್ರಿ ಮಾಡಿದ್ದು ಕಣ್ರೀ" ಎಂದು ಅವಳು ಒಳಗೆ ಹೋದಳು. ಮುಂದೆ ಏನೂ ಕೇಳಲಿಲ್ಲ. ಅವಳು ಕೇಳಿದ್ದರೆ ಚೆನ್ನಾಗಿತ್ತು. ಅವಳ ಮೇಲೆ ಕೂಗಾಡಿ ಹೊರಟುಬಿಡಬಹುದಿತ್ತು. ಆ ಒಂದೂವರೆ ನಿಮಿಷವನ್ನು ಊರೆಲ್ಲ ನೋಡಿದೆ, ಸಾವಿರಾರು ಜನ ನೋಡಿದ್ದಾರೆ, ಆ ಬಗ್ಗಿದ ಮನುಷ್ಯ ಯಾರು ಎಂದು ಒಬ್ಬನೂ ಕೇಳಿಲ್ಲ. ಮೊದಲ ವಾರ ಅದು ದೇವರ ದಯೆ ಎನಿಸಿತ್ತು. ಆಮೇಲೆ, ತನ್ನನ್ನು ಯಾರೂ ನೋಡುವುದೇ ಇಲ್ಲವಲ್ಲ, ಅಪರಾಧ ಮಾಡುವಾಗಲೂ ನೋಡುವುದಿಲ್ಲವಲ್ಲ ಎಂದು ಒಂದು ಥರದ ಸಿಟ್ಟೂ ಬಂದಿತ್ತು.

ದಂಡಿಗೆಪುರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಶಾಂತಿಗ್ರಾಮದಲ್ಲಿ ಹಾಲಿನ ಕ್ಯಾನು ಹತ್ತಿಸುವ ವಿಷಯಕ್ಕೆ ಕಂಡಕ್ಟರಿಗೂ ಒಬ್ಬ ಹೆಂಗಸಿಗೂ ಜಗಳವಾಗುತ್ತಿತ್ತು. ರುದ್ರಯ್ಯ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಎರಡೇ ತಿಂಗಳು, ಎಂದುಕೊಂಡ. ಇನ್ನೆರಡು ತಿಂಗಳಿಗೆ ನಿವೃತ್ತಿ. ನೆಲದ ತಪ್ಪು ಎಂದು ಒಂದು ಕಾಗದದಲ್ಲಿ ಒಂದು ಸಾಲು ಬಂದರೂ ಸಾಕು, ಇಲಾಖಾ ವಿಚಾರಣೆ ಶುರುವಾಗುತ್ತದೆ, ಪಿಂಚಣಿ ನಿಂತುಹೋಗುತ್ತದೆ, ಸುಲಭಕ್ಕೆ ಬಿಡುಗಡೆಯಾಗುವುದಿಲ್ಲ. ಕುದುರೆಯವನ ತಪ್ಪು ಎಂದಾದರೆ ಏನಾಗುತ್ತದೆ? ಹುಲಿಯಪ್ಪನಿಗೆ ಕೊಟ್ಟಿರುವ ಏಳನೇ ನಂಬರಿನ ಲಾಯ ರದ್ದಾಗುತ್ತದೆ. ಅಷ್ಟೇ. ನಿಯಮದಲ್ಲಿ ಹಾಗೇ ಬರೆದಿದೆ, ಬರೆದವನು ರುದ್ರಯ್ಯನೇ. ಅಷ್ಟೇ ಎಂದರೆ ಅಷ್ಟೇ ಅಲ್ಲ, ಅದೂ ಅವನಿಗೆ ಗೊತ್ತು. ಸತ್ತ ಹೆಣ್ಣು ಕುದುರೆ ಚೆಲುವಿಯ ಮರಿ ಒಂದಿದೆ, ಎರಡು ವರ್ಷದ್ದು. ಲಾಯ ಇಲ್ಲದವನ ಕುದುರೆಗೆ ಪುರಸಭೆಯ ಮೈದಾನದಲ್ಲಿ ಓಡುವ ಹಕ್ಕಿಲ್ಲ. ಓಡದ ಕುದುರೆಯನ್ನು ಹುಲಿಯಪ್ಪನಂಥವನು ಹುರುಳಿ ಹಾಕಿ ಸಾಕಲಾರ, ಮಾರಬೇಕು. ಅವನ ತಾತನ ಕಾಲದಿಂದ ಆ ಏಳನೇ ಲಾಯದಲ್ಲಿ ಒಂದಲ್ಲ ಒಂದು ಕುದುರೆ ಇತ್ತು. ಇದ್ದರೆ? ಪ್ರಪಂಚದಲ್ಲಿ ಕುದುರೆ ಇಲ್ಲದವರೆಲ್ಲ ಬದುಕುತ್ತಿಲ್ಲವೇ? ತನ್ನ ತಾತನ ಕಾಲದ್ದು ತನ್ನ ಬಳಿ ಏನು ಉಳಿದಿದೆ? ಹೀಗೆ ಅವನು ವಾದ ಮಾಡಿ ಗೆಲ್ಲುತ್ತಿರುವಾಗಲೇ ಬಸ್ಸು ಹೆದ್ದಾರಿ ಬಿಟ್ಟು ಒಳರಸ್ತೆಗೆ ತಿರುಗಿತು.

ದಂಡಿಗೆಪುರದಲ್ಲಿ ಕುದುರೆಗಾಡಿ ಓಡಿಸುವ ಮೈದಾನ ಪುರಸಭೆಯ ಸ್ವತ್ತು. ಪಕ್ಕದಲ್ಲಿ ಹದಿನಾಲ್ಕು ಲಾಯ, ನಾಡಹೆಂಚಿನವು, ಮಣ್ಣುನೆಲದವು. ಮಳೆ ಬಂದರೆ ಕುದುರೆಗಳ ಕಾಲು ಗೆಣ್ಣಿನವರೆಗೆ ರೊಚ್ಚು. ಅವನ್ನು ಕೆಡವಿ ಹೊಸದಾಗಿ ಕಟ್ಟಲು ಸರ್ಕಾರದಿಂದ ಒಂದು ಕೋಟಿ ಇಪ್ಪತ್ತು ಲಕ್ಷ ಬಂತು. ಬಂದ ದಿನದಿಂದ ಊರಿನ ಹೊಟ್ಟೆಯೊಳಗೆ ಬೆಂಕಿ. ಕೌನ್ಸಿಲ್ ಸಭೆಯಲ್ಲಿ ಒಂಬತ್ತನೇ ವಾರ್ಡಿನ ಸದಸ್ಯೆ ಸರಸಮ್ಮ ಎದ್ದು ನಿಂತು, "ಅಲ್ಲ ಕಣ್ರಪ್ಪಾ, ಕುದ್ರೆ ಉಚ್ಚೆ ಉಯ್ಯಾಕೆ ಕೋಟಿ ರೂಪಾಯಾ? ನಮ್ ವಾರ್ಡ್ನಾಗೆ ಎಣ್ಮಕ್ಳ ಇಸ್ಕೂಲ್ಗೆ ಒಂದು ಕಕ್ಕಸು ಕಟ್ಸಿ ಅಂತ ಮೂರೊರ್ಸದಿಂದ ಬಡ್ಕಂತಾವ್ನಿ, ಅನುದಾನ ಇಲ್ಲ ಅಂತೀರ" ಎಂದು ಕೇಳಿದಳು. ಆ ಮಾತು ಸುಳ್ಳಾಗಿರಲಿಲ್ಲ. ಕುದುರೆಯ ಹಣವನ್ನು ಕಕ್ಕಸಿಗೆ ಹಾಕಲು ಬರುವುದಿಲ್ಲ ಎಂದು ರುದ್ರಯ್ಯ ನಿಯಮ ಹೇಳಿದ. ಅವಳು ಅವನ ಕಡೆ ತಿರುಗಿದಳು. ಗೋಡೆಗೆ ಅಂಟಿಸಿದ್ದ ನಕಾಶೆಯ ಮುಂದೆ ಹೋಗಿ, ನೆಲಕ್ಕೆ ಏನು ಹಾಕುತ್ತೀರಿ ಎಂದಳು. ಪಶು ಇಲಾಖೆಯ ಡಾಕ್ಟರು ಬರೆದುಕೊಟ್ಟಂತೆ ಒರಟು ಕಾಂಕ್ರೀಟು, ಅದರ ಮೇಲೆ ಗೀರು, ಎಂದ ರುದ್ರಯ್ಯ. "ಅಯ್ಯೋ ಇವ್ನ! ಕೋಟಿ ಸುರ್ದು ಮತ್ತೆ ಗೀರು ಆಕಿದ ಗಾರೆಯಾ? ನಮ್ಮನೆ ಬಚ್ಲಲ್ಲೂ ಅದೇ ಐತಲ್ಲಪ್ಪಾ. ದುಡ್ಡು ಎಲ್ಲೋಯ್ತು ಅಂತ ನಾಳೆ ಜನ ಕೇಳುದ್ರೆ ಏನ್ ತೋರ್ಸೀಯಾ ಇಂಜಿನೇರಪ್ಪಾ, ನಿನ್ ಮುಸುಡೀನಾ?" ಇಡೀ ಸಭೆ ನಕ್ಕಿತು. ಚಹ ತಂದವನು ನಕ್ಕ. ಹೊಸದಾಗಿ ಬಂದಿದ್ದ ಮುಖ್ಯಾಧಿಕಾರಿ ಶಶಿಕಿರಣ್, ಮಗನ ವಯಸ್ಸಿನವನು, ನಗುವನ್ನು ತಡೆಯಲು ಫೈಲು ಅಡ್ಡ ಹಿಡಿದುಕೊಂಡ. ಅಂದು ಸಂಜೆ ಎಲ್ಲರೂ ಹೋದ ಮೇಲೆ ರುದ್ರಯ್ಯ ಅಂದಾಜುಪಟ್ಟಿ ತೆಗೆದು, ಒರಟು ಕಾಂಕ್ರೀಟಿನ ಸಾಲನ್ನು ಹೊಡೆದು, ಟೈಲ್ಸು ಎಂದು ಬರೆದ. ಯಾರೂ ಹೇಳಿರಲಿಲ್ಲ, ಕಂಟ್ರಾಕ್ಟರನೂ ಕೇಳಿರಲಿಲ್ಲ. ಒಂದು ಪೈಸೆ ಅದರಲ್ಲಿ ತಿಂದಿರಲಿಲ್ಲ. ತಿಂದಿದ್ದರೆ ಇವತ್ತು ಅದಕ್ಕೊಂದು ಕಾರಣವಾದರೂ ಇರುತ್ತಿತ್ತು. ಸಾರ್ವಜನಿಕರ ದುಡ್ಡು ಹೊಳೆಯಬೇಕು, ಬಂದವರಿಗೆ ಬಾಗಿಲಿನಿಂದಲೇ ಕಾಣಬೇಕು ಎಂದಷ್ಟೇ ಅವನ ಮನಸ್ಸಿನಲ್ಲಿದ್ದದ್ದು. ಹಾಸನದಲ್ಲಿ ತನ್ನ ಮನೆಗೆ ಕೊಂಡಿದ್ದ ಅಂಗಡಿಗೇ ಹೋಗಿ, ಅದೇ ಕೆನೆಬಣ್ಣವನ್ನೇ ಆರಿಸಿಕೊಟ್ಟ. ಮೈದಾನದಲ್ಲಿ ಟೈಲ್ಸಿನ ಪೆಟ್ಟಿಗೆ ಇಳಿಸುವಾಗ ಹುಲಿಯಪ್ಪ ಬಂದು ಒಂದನ್ನು ಬೆರಳಿನಿಂದ ಸವರಿ ನೋಡಿ, "ಸಾ, ಇದು ಕುದ್ರೆಗಾ ಮನ್ಸರ್ಗಾ? ಜಾರ್ತದೆ ಸಾ" ಎಂದಿದ್ದ. "ನೀನು ಎಂಜಿನಿಯರೋ ನಾನು ಎಂಜಿನಿಯರೋ?" ಎಂದು ರುದ್ರಯ್ಯ ಕೇಳಿದ್ದ. ಅದಕ್ಕೆ ಹುಲಿಯಪ್ಪ, "ನೀವೇ ಬುಡಿ ಸಾ" ಎಂದು ಹೋಗಿದ್ದ.

ಜಾರುತ್ತದೆ ಎನ್ನುವುದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಹನ್ನೊಂದು ವರ್ಷದ ಹಿಂದೆ ಸ್ವಂತ ಮನೆಯ ಗೃಹಪ್ರವೇಶದಲ್ಲಿ, ಮೊದಲು ಹಸು ಒಳಗೆ ಕಾಲಿಡಬೇಕು ಎಂದು ಕಟ್ಟಾಯ ಎಂಬ ಹಳ್ಳಿಯಿಂದ ಹಸು ಕರೆಸಿದ್ದರು. ಅದು ಹೊಸಿಲು ದಾಟಿದ್ದೇ ತಡ, ಹಿಂಗಾಲು ಎರಡೂ ಅತ್ತಿತ್ತ ಜಾರಿ, ಹೊಟ್ಟೆ ನೆಲಕ್ಕೆ ತಾಗುವಷ್ಟು ಬಗ್ಗಿ ಹೋಯಿತು. ಹೆಂಗಸರು ಕಿಟಾರನೆ ಕಿರುಚಿದರು. ಶಾಂತಕುಮಾರಿ ರೇಷ್ಮೆ ಸೀರೆ ಎತ್ತಿ ಕಟ್ಟಿ ಓಡಿ, ಸಾಮಾನು ತಂದಿದ್ದ ಗೋಣಿತಾಟುಗಳನ್ನು ಎಳೆತಂದು ಹಾಸಿದಳು. ಹಸು ಅದರ ಮೇಲೆ ಕಾಲೂರಿ ನಿಂತು ಉಸಿರು ಬಿಟ್ಟಿತು, ಸೆಗಣಿಯನ್ನೂ ಹಾಕಿತು, ಶುಭವಾಯಿತು ಎಂದರು ಅಯ್ಯನವರು. ಆದರೆ ಆಲ್ಬಮ್ ಮಾಡುವವನಿಗೆ ರುದ್ರಯ್ಯ ಗುಟ್ಟಾಗಿ ಹೇಳಿ ಕಳಿಸಿದ: ಗೋಣಿ ಕಾಣದ ಹಾಗೆ ಫೋಟೋ ಕತ್ತರಿಸು. ಆದ್ದರಿಂದ ಅವನ ಮನೆಯ ಆಲ್ಬಮ್ಮಿನಲ್ಲಿರುವ ಹಸುವಿಗೆ ಕಾಲುಗಳಿಲ್ಲ. ಗೋಣಿಯನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಚನ್ನರಾಯಪಟ್ಟಣದಲ್ಲಿ ಅಪ್ಪನ ದಿನಸಿ ಅಂಗಡಿಯಿತ್ತು, ಬೆಲ್ಲದ ಗೋಣಿಯ ಮೇಲೇ ಕೂತು ಪಾಠ ಓದಬೇಕು, ಮಧ್ಯಾಹ್ನ ಅದರ ಮೇಲೇ ಮಲಗಬೇಕು. ಚಡ್ಡಿಯ ಹಿಂಭಾಗಕ್ಕೆ ನಾರು ಅಂಟಿ, ಬೆಲ್ಲದ ಜಿಗಟು ಹಿಡಿದು, ಕ್ಲಾಸಿನಲ್ಲಿ ಇರುವೆ ಹತ್ತುತ್ತಿತ್ತು. 'ಬೆಲ್ಲದ ಮೂಟೆ ಬಂತು, ಜಾಗ ಬಿಡ್ರೋ' ಎಂದು ಮೇಷ್ಟ್ರೇ ಹೇಳುತ್ತಿದ್ದರು. ಐವತ್ತು ವರ್ಷವಾಯಿತು, ಮೇಷ್ಟ್ರು ಸತ್ತರು, ಅಪ್ಪ ಸತ್ತರು, ಅಂಗಡಿಯಿದ್ದ ಜಾಗದಲ್ಲಿ ಮೊಬೈಲ್ ರಿಪೇರಿಯವನು ಕೂತಿದ್ದಾನೆ. ಆದರೂ ಗೋಣಿ ಕಂಡರೆ ರುದ್ರಯ್ಯನ ಕೈ ಈಗಲೂ ತಾನಾಗಿಯೇ ಪ್ಯಾಂಟಿನ ಹಿಂದಕ್ಕೆ ಹೋಗಿ ಒರೆಸಿಕೊಳ್ಳುತ್ತದೆ.

ಉದ್ಘಾಟನೆಯ ದಿನ, ಇದು ಕುದುರೆಯ ಮನೆಯಾದ್ದರಿಂದ ಹಸುವಿನ ಬದಲು ಕುದುರೆಯೇ ಮೊದಲು ಒಳಗೆ ಹೋಗಲಿ ಎಂದು ಪುರೋಹಿತರು ಒಪ್ಪಿದ್ದರು. ಮೂರು ವರ್ಷ ಗಾಡಿ ಓಟ ಗೆದ್ದ ಚೆಲುವಿಗಿಂತ ಲಕ್ಷಣವಾದ ಕುದುರೆ ಊರಲ್ಲಿರಲಿಲ್ಲ. ಹುಲಿಯಪ್ಪನಿಗೆ ಪುರಸಭೆಯಿಂದಲೇ ಜರಿಪೇಟ. ಅವನು ಬೆಳಿಗ್ಗೆ ಐದಕ್ಕೇ ಬಂದು, ಒಗೆದು ಒಣಗಿಸಿ ತಂದಿದ್ದ ಒಂಬತ್ತು ಗೋಣಿತಾಟುಗಳನ್ನು ಹೊಸಿಲಿನಿಂದ ಏಳನೇ ಲಾಯದವರೆಗೆ ಸಾಲಾಗಿ ಹಾಸಿದ್ದ. ಶಾಸಕರ ಕಾರು ತಿರುವಿನಲ್ಲಿ ಹಾರನ್ನು ಮಾಡಿದಾಗ ರುದ್ರಯ್ಯ ಒಳಗೆ ಕಣ್ಣು ಹಾಯಿಸಿದ. ಕೆನೆಬಣ್ಣದ ನೆಲ, ಅದರ ಮೇಲೆ ತೇಪೆ ಹಾಕಿದ ಗೋಣಿ. ಒಂದರ ಮೇಲೆ ಗೊಬ್ಬರದ ಕಂಪನಿಯ ಹೆಸರು. ಸರಸಮ್ಮ ಮೊದಲ ಸಾಲಿನಲ್ಲೇ ಕೂತಿದ್ದಾಳೆ, ಕೋಟಿ ರೂಪಾಯಿಯ ಮೇಲೆ ಗೋಣಿ ಹೊದಿಸಿದ್ದೀಯಲ್ಲಪ್ಪಾ ಎನ್ನುತ್ತಾಳೆ, ಮತ್ತೆ ಎಲ್ಲರೂ ನಗುತ್ತಾರೆ. ಅಷ್ಟೇ, ಬೇರೇನೂ ಯೋಚಿಸಲಿಲ್ಲ. ಬಗ್ಗಿ ಒಂದೊಂದಾಗಿ ಎಳೆದ. ಹುಲಿಯಪ್ಪ ಕುದುರೆಯ ಲಗಾಮು ಹಿಡಿದು ಹೊರಗೆ ನಿಂತಿದ್ದವನು, "ಸಾ... ಸಾ..." ಎಂದ. "ಫೋಟೋ ಆದ್ಮೇಲೆ ಹಾಸ್ಕೊಳ್ಳಯ್ಯ!" ಎಂದು ರುದ್ರಯ್ಯ ಗದರಿದ. ಹಾಲು ಉಕ್ಕಿಸಿದರು, ಪುರೋಹಿತರು ನೀರು ಪ್ರೋಕ್ಷಿಸಿದರು. ರುದ್ರಯ್ಯ ಗೋಡೆಯ ಹಿಂದೆ ಗೋಣಿ ಮಡಿಚಿಡುತ್ತಿದ್ದ. ಆ ಕಡೆಯಿಂದ ವಾದ್ಯ ಕೇಳಿಸಿತು, ಚಪ್ಪಾಳೆ ಕೇಳಿಸಿತು, ಆಮೇಲೆ ಒಣಸೌದೆ ಮುರಿದ ಸದ್ದು. ವಾದ್ಯದವರಿಗೆ ತಕ್ಷಣ ತಿಳಿಯಲಿಲ್ಲ, ಇನ್ನೂ ಒಂದಷ್ಟು ಹೊತ್ತು ಊದಿದರು. ಚೆಲುವಿಯ ಹಿಂಗಾಲು ಮಂಡಿಯ ಕೆಳಗೆ ಎರಡಾಗಿತ್ತು. ಕುದುರೆಯ ಕಾಲು ಕೂಡುವುದಿಲ್ಲ ಎಂದು ಡಾಕ್ಟರು ಮಧ್ಯಾಹ್ನ ಇಂಜೆಕ್ಷನ್ ಕೊಟ್ಟರು. ಅಷ್ಟರಲ್ಲಿ ಶಾಸಕರು ಅರಕಲಗೂಡಿನ ಇನ್ನೊಂದು ಉದ್ಘಾಟನೆಗೆ ಹೊರಟುಹೋಗಿದ್ದರು.

ಬಸ್ಸಿಳಿದು ಪುರಸಭೆಗೆ ಹೋಗಲು ಮೈದಾನದ ದಾರಿ ಬಿಟ್ಟರೆ ಪೇಟೆಯ ಸುತ್ತುದಾರಿಯಿತ್ತು. ಹತ್ತೊಂಬತ್ತು ದಿನ ಸುತ್ತುದಾರಿಯಲ್ಲೇ ಹೋಗಿದ್ದ. ಈ ದಿನ ಕಾಲು ತಾನಾಗಿ ಮೈದಾನದ ಕಡೆಗೆ ತಿರುಗಿತು. ಹೊಸ ಲಾಯದ ಹದಿನಾಲ್ಕು ಬಾಗಿಲುಗಳೂ ತೆರೆದಿದ್ದವು, ಒಂದರಲ್ಲೂ ಕುದುರೆಯಿರಲಿಲ್ಲ. ಕುದುರೆಗಳೆಲ್ಲ ಆಚೆ ಬೇವಿನ ಮರದ ಕೆಳಗೆ, ಧೂಳಿನಲ್ಲಿ, ಸೆಕೆಯಲ್ಲಿ ಕಟ್ಟಿಹಾಕಿಸಿಕೊಂಡು ಬಾಲ ಬೀಸುತ್ತ ನಿಂತಿದ್ದವು. ಒಳಗೆ ನಾಲ್ಕು ಜನ ಅಂಗಿ ಬಿಚ್ಚಿ ತಣ್ಣನೆಯ ಟೈಲ್ಸಿನ ಮೇಲೆ ಇಸ್ಪೀಟು ಆಡುತ್ತಿದ್ದರು. ಇನ್ನೊಂದು ತುದಿಯಲ್ಲಿ ರಾಗಿ ಹರಡಿತ್ತು. ಹುಲಿಯಪ್ಪನ ಹೆಂಡತಿ ಲಕ್ಕಮ್ಮ ಕಾಲಿನಿಂದ ರಾಗಿ ಕೆದಕುತ್ತ ಬಾಗಿಲಿಗೆ ಬಂದವಳು ಇವನನ್ನು ಕಂಡು ನಿಂತಳು. ತಿರುಗಿ ಹೋಗಿಬಿಡೋಣವೆಂದರೆ ಆಗಲೇ ಕಣ್ಣಿಗೆ ಕಣ್ಣು ಸಿಕ್ಕಿತ್ತು.

"ಬನ್ನಿ ಸಾ, ಯಾಕ್ ಅಲ್ಲೇ ನಿಂತ್ರಿ? ಚಪ್ಲಿ ಬುಟ್ಟು ಬನ್ನಿ ಮತ್ತೆ, ನೆಲ ಕೊಳೆಯಾದಾತು" ಎಂದಳು.

"ಅಲ್ಲಮ್ಮ, ರಾಗಿ ಒಣಗಿಸೋಕೆ ಇದೇನು ಕಣವಾ? ಸರ್ಕಾರಿ ಕಟ್ಟಡ..." ಎಂದು ಶುರುಮಾಡಿದ ರುದ್ರಯ್ಯ. ಯಾಕೆ ಶುರುಮಾಡಿದೆ ಎಂದು ಅವನಿಗೇ ಗೊತ್ತಾಗಲಿಲ್ಲ. ಬಾಯಿಗೆ ಅಭ್ಯಾಸ.

"ಅಯ್ ಬುಡಿ ಸಾ. ರಾಗಿ ಜಾರಿ ಬಿದ್ರೆ ಕಾಲ್ ಮುರಿಯಾಕಿಲ್ಲ" ಎಂದಳು ಲಕ್ಕಮ್ಮ. ಅವಳ ದನಿ ಏರಲಿಲ್ಲ. "ಅದು ಸತ್ ದಿನದಿಂದ ನಮ್ಮೆಜಮಾನ್ರು ಮಾತಿಲ್ಲ ಕತೆಯಿಲ್ಲ. ಮರಿ ಅಲ್ ಅರಚ್ತಾ ಐತೆ ನೋಡಿ, ಕೇಳುಸ್ತಾ ಐತಾ? ಮೂರೊತ್ತೂ ಅಂಗೇಯ. ಇವತ್ತು ಏನೋ ಬರ್ಸ್ಕಂತಾರಂತೆ ಆಪೀಸಲ್ಲಿ. ಲಾಯ ಕಿತ್ಕಂತೀರಾ ಸಾ? ಕಿತ್ಕಳಂಗಿದ್ರೆ ಈಗ್ಲೇ ಯೋಳ್ಬುಡಿ, ಮರೀನ ಎಲ್ಲಾದ್ರೂ ಒಡ್ಕೊಂಡೋಯ್ತೀವಿ."

"ನನ್ನ ಕೈಲಿ ಏನಿದೆಯಮ್ಮ, ಎಲ್ಲ ಸಾಹೇಬರದ್ದು" ಎಂದ ರುದ್ರಯ್ಯ. ಅವಳು ಅವನ ಕೈಯಲ್ಲಿದ್ದ ಬ್ಯಾಗನ್ನು ನೋಡಿದಳು. ಸುಮ್ಮನೆ ನೋಡಿದ್ದಿರಬಹುದು. ಅವನು ಬ್ಯಾಗನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಬೇಗ ಬೇಗ ನಡೆದ. ಹೇಳಿಬಿಡುತ್ತೇನೆ ಎಂದು ಆಗ ಅನ್ನಿಸಿತು, ನಿಜವಾಗಿಯೂ ಅನ್ನಿಸಿತು. ಹುಲಿಯಪ್ಪ ಬಾಯಿ ತೆರೆಯುವ ಮೊದಲೇ ಎದ್ದು ನಿಂತು, ಸಾರ್, ಟೈಲ್ಸು ಬರೆದದ್ದು ನಾನು, ಗೋಣಿ ಎಳೆದದ್ದೂ ನಾನು, ಎಂದುಬಿಡುವುದು. ಎರಡೇ ವಾಕ್ಯ. ಪಿಂಚಣಿ ಹೋದರೆ ಹೋಗಲಿ, ಮನೆ ಸ್ವಂತದ್ದು, ಮಗಳ ಓದು ಮುಗಿಯುತ್ತ ಬಂತು. ಆ ಎರಡು ವಾಕ್ಯಗಳನ್ನು ದಾರಿಯುದ್ದಕ್ಕೂ ತುಟಿಯಲ್ಲೇ ಹೇಳಿಕೊಂಡ. ಕಣ್ಣಿನಲ್ಲಿ ನೀರು ಬಂತು. ತಾನು ಎಂಥ ಒಳ್ಳೆಯ ಮನುಷ್ಯ ಎಂದುಕೊಂಡು ಬಂದ ನೀರು ಅದು. ಪುರಸಭೆಯ ಮೆಟ್ಟಿಲು ಹತ್ತುವಾಗ ಜವಾನ ಎದ್ದು ಸಲಾಮು ಮಾಡಿದ. ಇನ್ನೆರಡು ತಿಂಗಳು ಇಂಥ ಸಲಾಮು, ಎಂದಿತು ಮನಸ್ಸು, ಆಮೇಲೆ ಯಾರು ಮಾಡುತ್ತಾರೆ. ಒಳಗೆ ಹೋಗಿ ಕುರ್ಚಿಯಲ್ಲಿ ಕೂತಾಗ ಕಣ್ಣು ಒಣಗಿತ್ತು.

ಹುಲಿಯಪ್ಪ ಸರಿಯಾದ ಸಮಯಕ್ಕೆ ಮಗ ಕನಕರಾಜುವನ್ನು ಕರೆದುಕೊಂಡು ಬಂದ. ರುದ್ರಯ್ಯನಿಗಿಂತ ಐದಾರು ವರ್ಷ ದೊಡ್ಡವನು, ಒಗೆದ ಬಿಳಿ ಅಂಗಿ ತೊಟ್ಟು, ಕೂದಲಿಗೆ ಎಣ್ಣೆ ಹಚ್ಚಿ, ಮದುವೆಗೆ ಹೊರಟವನ ಹಾಗೆ ಬಂದಿದ್ದ. ಶಶಿಕಿರಣ್ ಅವನಿಗೆ ಕುರ್ಚಿ ತೋರಿಸಿ, "ಕೂತ್ಕೊಳ್ಳಿ ಹುಲಿಯಪ್ಪನವರೇ" ಎಂದ. ಇಪ್ಪತ್ತು ವರ್ಷದಿಂದ ಆ ಮನುಷ್ಯನನ್ನು ನೀನು ಎಂದೇ ಕರೆದುಕೊಂಡು ಬಂದಿದ್ದ ರುದ್ರಯ್ಯನಿಗೆ ಆ ಬಹುವಚನ ತನ್ನನ್ನು ಉದ್ದೇಶಿಸಿ ಹೊಡೆದದ್ದೆಂದು ಕಂಡಿತು. ಹುಲಿಯಪ್ಪ ಕುರ್ಚಿಯ ಅಂಚಿನಲ್ಲಿ ಕೂತ. ರುದ್ರಯ್ಯ ಬ್ಯಾಗಿನಿಂದ ಕಾಗದ ತೆಗೆದು ಮೇಜಿನ ಮೇಲಿಟ್ಟ. ಶಶಿಕಿರಣ್ ಅದನ್ನು ಓದಿದ, ಹುಬ್ಬು ಗಂಟಿಕ್ಕಿದ, ಪಕ್ಕಕ್ಕೆ ಸರಿಸಿದ.

"ಇದಿರಲಿ. ನೀವೇ ಹೇಳಿ. ಲಾಳ ಸವೆದಿತ್ತಾ?"

"ಸವ್ದಿರ್ಲಿಲ್ಲ ಸಾ!" ಎಂದ ಕನಕರಾಜು. "ಇಂದಿನ್ ವಾರ ತಾನೆ ಕಟ್ಸಿದ್ದು. ಲಾಳ ಕಟ್ದೋನ್ನ ಬೇಕಾರೆ ಕರ್ಕೊಂಬತ್ತೀನಿ. ಇವ್ರು ನಮ್ಮಪ್ಪನ್ ತಲೆ ಮೇಲೆ..."

"ಸುಮ್ಕಿರ್ಲಾ" ಎಂದ ಹುಲಿಯಪ್ಪ.

ಶಶಿಕಿರಣ್ ಮುಂದಕ್ಕೆ ಬಾಗಿದ. ಅವನು ಕೆಟ್ಟವನಲ್ಲ, ಓದಿಕೊಂಡು ಬಂದ ಹುಡುಗ, ನಿಜ ಏನೆಂದು ತಿಳಿದುಕೊಳ್ಳುವ ಹುಚ್ಚು ಇನ್ನೂ ಇಳಿದಿರಲಿಲ್ಲ. "ಹುಲಿಯಪ್ಪನವರೇ, ಆ ದಿನ ಬೆಳಿಗ್ಗೆ ನಾನು ಬಂದಾಗ ನೆಲದ ಮೇಲೆ ಗೋಣಿ ನೋಡಿದ ನೆನಪು. ಕುದುರೆ ಬಿದ್ದಾಗ ಇರಲಿಲ್ಲ. ಯಾರು ತೆಗೆದರು? ಹೆದರಬೇಡಿ, ಹೇಳಿ. ಯಾರೇ ಆಗಿರಲಿ."

ಫ್ಯಾನು ತಿರುಗುತ್ತಿತ್ತು. ಹುಲಿಯಪ್ಪ ನಿಧಾನಕ್ಕೆ ಮುಖ ತಿರುಗಿಸಿ ರುದ್ರಯ್ಯನನ್ನು ನೋಡಿದ. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ರುದ್ರಯ್ಯ ಅದಕ್ಕೆ ಉತ್ತರ ಕೊಡಬಲ್ಲವನಾಗಿದ್ದ. ಸರ್ಕಾರಿ ನೌಕರನಿಗೆ ಸಿಟ್ಟಿನವರನ್ನು ಸಂಭಾಳಿಸುವುದು ಗೊತ್ತು. ಇವನು ಬಸ್ಸಿಗೆ ಕಾಯುವವನಂತೆ, ಬರುತ್ತದೆ ಎಂಬ ನಂಬಿಕೆಯಿಂದ, ಸುಮ್ಮನೆ ಕಾಯುತ್ತಿದ್ದ. ಹೇಳು, ಎಂದುಕೊಂಡ ರುದ್ರಯ್ಯ. ಎರಡು ವಾಕ್ಯ. ಕೈ ಪ್ಯಾಂಟಿನ ಹಿಂದಕ್ಕೆ ಹೋಗಿ ಒರೆಸುತ್ತಿತ್ತು. ಹೇಳಿದ ಮೇಲೆ ಈ ಹುಡುಗ ತನ್ನ ಕಡೆ ಹೇಗೆ ನೋಡುತ್ತಾನೆ, ಸಂಜೆಗೆ ಸರಸಮ್ಮ ಏನೆನ್ನುತ್ತಾಳೆ, ಜವಾನ ಚಹದಂಗಡಿಯಲ್ಲಿ ಹೇಗೆ ಬಗ್ಗಿ ತೋರಿಸುತ್ತಾನೆ, ಎಲ್ಲ ಒಟ್ಟಿಗೆ ಕಂಡಿತು. ಅವನಿಗೆ ಆಶ್ಚರ್ಯವಾಯಿತು. ಪಿಂಚಣಿ ಒಂದು ನೆಪ. ಅವನು ಹೆದರಿದ್ದು ನಗುವಿಗೆ. ಒಂದು ಕುದುರೆಯ ಪ್ರಾಣಕ್ಕೆ, ಒಬ್ಬ ಮನುಷ್ಯನ ಲಾಯಕ್ಕೆ, ನಾಲ್ಕು ಜನರ ನಗುವನ್ನು ತೂಗಿ ನೋಡಿ, ನಗುವೇ ಭಾರ ಎಂದು ಒಳಗೆ ಯಾರೋ ಆಗಲೇ ತೀರ್ಮಾನ ಮಾಡಿ ಆಗಿತ್ತು. ರುದ್ರಯ್ಯ ಮೇಜಿನ ಮೇಲಿದ್ದ ಗಾಜಿನ ಗುಂಡನ್ನು ನೋಡಿದ.

"ನಾನೇ ಆಸಿದ್ದೆ, ನಾನೇ ತಗ್ದೆ ಸಾ" ಎಂದ ಹುಲಿಯಪ್ಪ.

"ಅಪ್ಪಾ!" ಎಂದ ಕನಕರಾಜು.

"ಏಯ್, ಸುಮ್ಕಿರು ಅಂದ್ನಲ್ಲ. ಎಲ್ಲಿ ಸೈನ್ ಆಕ್ಬೇಕು ಸಾ?"

ಶಶಿಕಿರಣ್ ಇಬ್ಬರ ಮುಖವನ್ನೂ ನೋಡಿದ. ಏನೋ ಕೇಳಲು ಬಾಯಿ ತೆರೆದು, ಫೋನು ಬಂದದ್ದರಿಂದ ಎದ್ದು ಕಿಟಕಿಯ ಕಡೆಗೆ ಹೋದ, ಮಾತಾಡುತ್ತಲೇ ಕೈಸನ್ನೆಯಲ್ಲಿ ಮುಗಿಸಿ ಎಂದ. ಲಾಳದ ಸಾಲಿನ ಕೆಳಗೆ, ನೆಲಕ್ಕೆ ಹಾಸಿದ್ದನ್ನು ನಾನೇ ತೆಗೆದಿರುತ್ತೇನೆ ಎಂದು ರುದ್ರಯ್ಯ ಪೆನ್ನಿನಿಂದ ಬರೆದ. ಅಕ್ಷರ ಯಾವಾಗಿನಂತೆಯೇ ದುಂಡಗೆ ಬಂತು. ಹುಲಿಯಪ್ಪ ಮೂರು ಪ್ರತಿಗೂ ಒಂದೊಂದಕ್ಷರ ಕೂಡಿಸಿ ಸಹಿ ಮಾಡಿದ. ಸಾಕ್ಷಿಯ ಜಾಗದಲ್ಲಿ ರುದ್ರಯ್ಯ ಸಹಿ ಮಾಡಿದ. ಹಗುರವಾಗುತ್ತದೆ ಎಂದುಕೊಂಡಿದ್ದ, ಆಗಲಿಲ್ಲ. ಈ ಮುದುಕ ತನ್ನನ್ನು ಉಳಿಸಿದನಲ್ಲ, ಯಾರು ಕೇಳಿದ್ದರು ಇವನನ್ನು, ದೊಡ್ಡ ಮನುಷ್ಯ, ಇನ್ನು ಬದುಕಿರುವವರೆಗೆ ಈ ಉಪಕಾರ ಹೊತ್ತು ತಿರುಗಬೇಕಲ್ಲ ಎಂದು ಮೈ ಉರಿಯಿತು. ಅವರು ಹೊರಗೆ ಹೋದ ಮೇಲೆ ಒಂದು ನಿಮಿಷ ಕೂತಿದ್ದವನು ಎದ್ದು ಹಿಂದೆಯೇ ಹೋದ. ಕನಕರಾಜು ಬೈಕು ತರಲು ಹೋಗಿದ್ದ. ಹುಲಿಯಪ್ಪ ಕಾಂಪೌಂಡಿನ ನೆರಳಲ್ಲಿ ನಿಂತಿದ್ದ.

"ಯಾಕೆ ಹಾಗೆ ಹೇಳಿದೆ ನೀನು? ನನಗೆ ಉಪಕಾರ ಮಾಡೋಕಾ?"

"ಉಪ್ಕಾರ ಎಲ್ಲಿಂದ ಬಂತು ಸಾ" ಎಂದ ಹುಲಿಯಪ್ಪ. "ನೀವೇ ಯೋಳ್ತೀರಾ ಅಂತ ಕಾಯ್ದೆ. ನೀವು ಯೋಳ್ಲಿಲ್ಲ. ನೀವು ಎದ್ರುಗೇ ಕೂತ್ಕಂಡು ಬಾಯ್ ಬುಡ್ದೆ ಇರುವಾಗ ನಾನ್ ಯೋಳುದ್ರೆ ಅದು ಸುಳ್ಳೇ ಆಯ್ತದೆ. ಒಂದ್ ದಪ ಗೋಣಿ ಕಿತ್ಸ್ಕಂಡೋನು, ಇನ್ನೊಂದ್ ದಪ ಸುಳ್ಗಾರ ಅನ್ನುಸ್ಕಳಾದು ಯಾಕೆ ಅಂತ." ಅವನು ರಸ್ತೆಯ ಕಡೆ ನೋಡುತ್ತ ತನ್ನಷ್ಟಕ್ಕೇ ಎಂಬಂತೆ ಹೇಳಿದ: "ನೀವು ಆಚೆ ಇದ್ರಿ, ನೋಡ್ಲಿಲ್ಲ. ಚೆಲ್ವಿ ಒಸ್ಲತ್ರ ಬಂದು ನಿಂತ್ಬುಡ್ತು ಸಾ. ಮೂಸ್ತು. ಕಾಲಿಕ್ಕಲ್ಲ ಅಂತು. ಅದ್ಕೆ ಗೊತ್ತಾಯ್ತು. ನನ್ಗೂ ಗೊತ್ತಿತ್ತು. ವಾಪಸ್ ತಿರುಗ್ಸ್ಕಂಡು ಓಗ್ಬೇಕಾಗಿತ್ತು. ತಲೆ ಮೇಲೆ ಜರಿಪೇಟ, ಊರೆಲ್ಲ ನೋಡ್ತಾವ್ರೆ, ಎಮ್ಮೆಲ್ಲೆ ಕೈ ಮುಗ್ಕಂಡು ನಿಂತವ್ರೆ. ನಗ್ತಾರಲ್ಲ ಅಂತ... ನಾನೇ ಲಗಾಮ್ ಇಡ್ದು ಎಳ್ದೆ ಸಾ. ಎಳೀತಾ ಎಳೀತಾ ಒಂದೇಟೂ ಕೊಟ್ಟೆ. ಅವತ್ತಿನ್ವರ್ಗೂ ಅದ್ಕೆ ಕೈ ಎತ್ತಿರ್ಲಿಲ್ಲ." ಮುಖವನ್ನು ಒಗೆದ ಅಂಗಿಯ ತೋಳಿನಿಂದ ಒರೆಸಿಕೊಂಡ.

ರುದ್ರಯ್ಯ ಅವನ ಹೆಗಲ ಮೇಲೆ ಕೈಯಿಡಬಹುದಿತ್ತು. ನನಗೂ ಅದೇ ಭಯವಪ್ಪಾ, ಅದೇ ನಗುವಿನ ಭಯ, ಎನ್ನಬಹುದಿತ್ತು. ಪ್ರಪಂಚದಲ್ಲಿ ಆ ಮಾತು ಅರ್ಥವಾಗುವ ಒಬ್ಬನೇ ಮನುಷ್ಯ ಎದುರಿಗೆ ನಿಂತಿದ್ದ. ಆ ಮಾತು ಗಂಟಲವರೆಗೆ ಬಂದಿತ್ತು ಕೂಡ. ಆದರೆ ಅದಕ್ಕಿಂತ ಮೊದಲು ಎದೆಯಲ್ಲಿ ಏನೋ ಸಡಿಲವಾಯಿತು, ಹತ್ತೊಂಬತ್ತು ದಿನದಿಂದ ಒತ್ತಿ ಹಿಡಿದಿದ್ದ ಮೊಳೆ ಕಿತ್ತುಬಂದಂತಾಯಿತು. ಹಾಗಾದರೆ ಎಳೆದವನು ಇವನು. ಹೊಡೆದವನೂ ಇವನೇ. ಕುದುರೆ ನಿಂತಿತ್ತಂತೆ, ಬರುವುದಿಲ್ಲ ಎಂದಿತ್ತಂತೆ. ತಾನು ಬರೀ ಗೋಣಿ ತೆಗೆದದ್ದು. ಆ ಸಂತೋಷ ಎಷ್ಟು ಬೇಗ ಬಂತೆಂದರೆ ಅದನ್ನು ಮುಚ್ಚಿಡುವುದಕ್ಕೂ ವ್ಯವಧಾನವಾಗಲಿಲ್ಲ.

"ನೋಡು ಮತ್ತೆ" ಎಂದ ರುದ್ರಯ್ಯ. ಆಫೀಸಿನ ದನಿ, ತನ್ನದೇ ದನಿ, ಹತ್ತೊಂಬತ್ತು ದಿನದ ಮೇಲೆ ತಿರುಗಿ ಬಂದಿತ್ತು. "ನೀನು ಎಳೀಬಾರದಾಗಿತ್ತು ಹುಲಿಯಪ್ಪ. ಮೂಕಪ್ರಾಣಿ. ಅದು ಬರಲ್ಲ ಅಂತ ನಿಂತ ಮೇಲೆ ನೀನು ಎಳೀಬಾರದಾಗಿತ್ತು."

ಹುಲಿಯಪ್ಪ ತಲೆಯೆತ್ತಿ ಅವನನ್ನು ನೋಡಿದ. "ಊ ಸಾ" ಎಂದ. "ಅಂಗೇ ಬರ್ಕಳಿ." ಕನಕರಾಜು ಬೈಕು ತಂದು ನಿಲ್ಲಿಸಿದ. ಮುದುಕ ಮಗನ ಹಿಂದೆ ಕೂತ, ರುದ್ರಯ್ಯನಿಗೆ ಕೈಮುಗಿದ, ಹೋದ.

ರುದ್ರಯ್ಯ ಒಳಗೆ ಬಂದು ಕೈತೊಳೆದುಕೊಂಡು ಊಟದ ಡಬ್ಬಿ ಬಿಚ್ಚಿದ. ಮುದ್ದೆ, ಅವರೆಕಾಳಿನ ಸಾರು. ಇಷ್ಟು ದಿನ ಅರ್ಧಂಬರ್ಧ ತಿಂದು ಮನೆಗೆ ವಾಪಸು ಒಯ್ಯುತ್ತಿದ್ದವನಿಗೆ ಈ ದಿನ ಭರ್ಜರಿ ಹಸಿವಾಗಿತ್ತು, ಸಾರು ರುಚಿಯಾಗಿತ್ತು, ಬೆರಳು ನೆಕ್ಕುವಷ್ಟು ರುಚಿಯಾಗಿತ್ತು. ಎದುರಿನ ಮೇಜಿನಲ್ಲಿ ಗುಮಾಸ್ತೆ ಶಿವರಂಜನಿ ಕಂಪ್ಯೂಟರಿನಿಂದ ತಲೆಯೆತ್ತದೆ ಕೇಳಿದಳು:

"ಸಾರ್, ಏಳನೇ ಲಾಯ ಖಾಲಿ ಅಂತ ಹಾಕ್ಲಾ?"

ಬಾಯಲ್ಲಿ ತುತ್ತಿತ್ತು. ರುದ್ರಯ್ಯ ಅದನ್ನು ಸಾವಕಾಶವಾಗಿ ನುಂಗಿ, ಒಂದು ಗುಟುಕು ನೀರು ಕುಡಿದು, "ಹಾಕಮ್ಮ" ಎಂದ.